ಮೂರನೇ ಕಪಾಟಿನ ಪುದೀನ: ಆರನೇ ಕಂತು

"ಸಂಜೆ ಆರು ಗಂಟೆ," ಎಂದರು ಡಾಕ್ಟರು, ಕೈಗವಸು ಕಳಚಿ ಬುಟ್ಟಿಗೆ ಎಸೆಯುತ್ತ. "ಅಷ್ಟರೊಳಗೆ ಇವರ ಹೊಟ್ಟೆಗೆ ಏನು ಹೋಗಿದೆ, ಎಷ್ಟು ಹೋಗಿದೆ, ಯಾವತ್ತಿನಿಂದ ಹೋಗಿದೆ, ಮೂರನ್ನೂ ಯಾರಾದ್ರೂ ಹೇಳಿದ್ರೆ ಏನಾದ್ರೂ ಮಾಡಬಹುದು. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಗಾಜಿನಾಚೆ ಸೊಪ್ಪಿನಂಗಡಿಯ ಯಜಮಾನ ಹಳದಿಗೆ ತಿರುಗಿದ ಮುಖ ಹೊತ್ತು ಮಲಗಿದ್ದ. ನಿನ್ನೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಫ್ಲಾಸ್ಕಿನ ಪುದೀನ ಚಹಾ ನಾಲ್ಕು ಗುಟುಕು ಕುಡಿದು ಕುಸಿದವನು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಕೆಟ್ಟ ಊಟ ಅಂತ ನೀವೇ ಅಂದ್ರಲ್ಲ?" ಇನ್ಸ್‌ಪೆಕ್ಟರ್ ಕೇಳಿದ.

"ಯಾಕೆ ಅಂದೆ ಹೇಳಿ. ನಿಮ್ಮ ಮೂಗಮ್ಮನವರು ಫ್ಲಾಸ್ಕ್ ಮೂಸಿ, ಇದರಲ್ಲಿ ಅಡುಗೆ ಪುದೀನ ಬಿಟ್ರೆ ಏನೂ ಇಲ್ಲ ಅಂದ್ರು. ಹಾಗಾದ್ರೆ ಊಟವೇ ಇರಬೇಕು ಅಂತ ನಾನು ಆ ದಾರಿ ಹಿಡಿದೆ. ಈಗ ನೋಡಿದ್ರೆ ಲಿವರ್ ಕೈ ಕೊಡ್ತಾ ಇದೆ. ಕೆಟ್ಟ ಊಟಕ್ಕೆ ಹೀಗಾಗಲ್ಲ ಸ್ವಾಮಿ."

ಇಬ್ಬರೂ ಒಟ್ಟಿಗೆ ಬೆಂಚಿನ ಕಡೆ ತಿರುಗಿದರು.

ಬೆಂಚಿನ ಮೇಲೆ ಮೂಗಮ್ಮ ನೆಟ್ಟಗೆ ಕೂತಿದ್ದಳು. ಹೆತ್ತವರು ಇಟ್ಟ ಹೆಸರು ಅವಳಿಗೇ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತದೆ. ಒಣಸೊಪ್ಪಿನ ಚಹಾ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೂಸಿಯೇ ಸಂಬಳ ತೆಗೆದುಕೊಂಡವಳು. ಯಾವ ಮೂಟೆ ಯಾವ ಹೊಲದ್ದು, ಯಾವ ತಿಂಗಳು ಕೊಯ್ದದ್ದು, ಒಣಗುವಾಗ ಮಳೆಗೆ ಸಿಕ್ಕಿತ್ತೋ ಇಲ್ಲವೋ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ವಿಷದ ಪ್ರಕರಣ ಬಂತೆಂದರೆ ಪೊಲೀಸ್ ಜೀಪು ಅವಳ ಮನೆ ಮುಂದೆ ನಿಲ್ಲುತ್ತಿತ್ತು. ಅಕ್ಕಪಕ್ಕದವರು ಕಿಟಕಿಯಿಂದ ನೋಡುವಾಗ ಅವಳು ಬೇಕೆಂದೇ ನಿಧಾನವಾಗಿ ಹತ್ತುತ್ತಿದ್ದಳು.

"ಮೂಗಮ್ಮನವರೇ," ಇನ್ಸ್‌ಪೆಕ್ಟರ್ ಮೆತ್ತಗೆ ಹೇಳಿದ. "ಫ್ಲಾಸ್ಕ್ ಸ್ಟೇಷನ್ನಲ್ಲಿದೆ. ಲ್ಯಾಬಿಗೆ ಕಳಿಸಿದ್ರೆ ನಾಲ್ಕು ದಿನ ಬೇಕು. ತರಿಸ್ತೀನಿ, ಇನ್ನೊಂದ್ಸಲ ನೋಡಿ. ಇಲ್ಲಾಂದ್ರೆ..." ಅವನು ಟೋಪಿ ಸರಿಪಡಿಸಿಕೊಂಡ. "ಗುಬ್ಬೀನ ಕರೆಸ್ಲಾ? ನಿನ್ನೆ ಅವಳು ಏನೋ ಇದೆ ಅಂತಿದ್ಲು."

ಗುಬ್ಬಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ಮೂಗಮ್ಮನ ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತು.

"ಬೇಡ," ಎಂದಳು. "ಫ್ಲಾಸ್ಕೂ ಬೇಡ, ಗುಬ್ಬೀನೂ ಬೇಡ. ಅಂಗಡಿಗೇ ಹೋಗ್ತೀನಿ. ಆರು ಗಂಟೆ ಅಂದ್ರಲ್ಲ, ಅದಕ್ಕೆ ಮೊದಲೇ ಹೇಳ್ತೀನಿ."

ಆಗ ಹೊತ್ತು ಮಧ್ಯಾಹ್ನ ಹನ್ನೆರಡೂವರೆ.

ಇನ್ಸ್‌ಪೆಕ್ಟರಿಗಾಗಲಿ ಡಾಕ್ಟರಿಗಾಗಲಿ ಗೊತ್ತಿರದ ಸಂಗತಿ ಒಂದಿತ್ತು. ಮೂಗಮ್ಮನಿಗೆ ವಾಸನೆ ಬರುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಎಂಟು ದಿನ ಜ್ವರ ಬಂತು, ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಒಲೆಯ ಮೇಲೆ ಹಾಲು ಹೊತ್ತಿ ಕರಕಲಾದರೂ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯಬೇಕು. ಅವಳು ಯಾರಿಗೂ ಹೇಳಲಿಲ್ಲ. ಮೂಗು ಹೋದ ಮೂಗಮ್ಮನನ್ನು ಯಾರು ಕೇಳುತ್ತಾರೆ?

ನಿನ್ನೆ ಇನ್ಸ್‌ಪೆಕ್ಟರ್ ಫ್ಲಾಸ್ಕಿನ ಮುಚ್ಚಳ ತೆಗೆದು ಹಿಡಿದಾಗ ಅವಳಿಗೆ ತಾಗಿದ್ದು ಬರೀ ಬಿಸಿ ಆವಿ. ಅಲ್ಲಿಗೆ ಸುಮ್ಮನಿದ್ದು, ನೆಗಡಿ ಕಣಪ್ಪ ಎಂದಿದ್ದರೂ ಆಗುತ್ತಿತ್ತು. ಆದರೆ ಅವನು ಮೊದಲ ಸಲ ಇಬ್ಬರನ್ನು ಕರೆಸಿದ್ದ. ಪಕ್ಕದಲ್ಲಿ ಬಿಳಿ ಕೋಟು ತೊಟ್ಟು ನಿಂತಿದ್ದಳು ಗುಬ್ಬಿ.

ಗುಬ್ಬಿ ಅವಳ ಕೈಯಲ್ಲೇ ಪಳಗಿದವಳು. ಕಾರ್ಖಾನೆಗೆ ಸೇರಿದಾಗ ಶುಂಠಿಗೂ ಅರಿಸಿನಕ್ಕೂ ವ್ಯತ್ಯಾಸ ತಿಳಿಯದ ಪುಟ್ಟ ದೇಹದ ಹೆಂಗಸು. ಐದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ಬೈದು, ತಿದ್ದಿ, ಮೂಸುವುದನ್ನು ಕಲಿಸಿದ್ದು ಮೂಗಮ್ಮ. ಈಗ ಅದೇ ಕೋಣೆ ಅವಳದು, ಅದೇ ಕುರ್ಚಿ ಅವಳದು. ನಮ್ಮ ಗುಬ್ಬಿ ಮೇಡಂ ನಿಮ್ಮನ್ನೂ ಮೀರಿಸ್ತಾರೆ ಎಂದು ಕಾರ್ಖಾನೆಯ ಕಾವಲುಗಾರ ಕೂಡ ಹಲ್ಲು ಕಿರಿದು ಹೇಳಿದ್ದ. ಅವಳಿಗೂ ಒಂದು ಜ್ವರ ಬರಬಾರದೇ ಎಂದು ಮೂಗಮ್ಮ ಎಷ್ಟು ಸಲ ಬಯಸಿದ್ದಳೋ, ಲೆಕ್ಕವಿಲ್ಲ. ಇದು ಕೆಟ್ಟ ಬುದ್ಧಿ ಎಂದು ಗೊತ್ತಿದ್ದೇ ಬಯಸಿದ್ದಳು.

"ಏನೋ ಬೇರೆ ಇದೆ ಮೇಡಂ, ಕರ್ಪೂರದ ಥರ," ಎಂದು ಗುಬ್ಬಿ ಮೆಲ್ಲನೆ ಹೇಳಿದ್ದಳು.

"ಅಡುಗೆ ಪುದೀನ. ಅಷ್ಟೇ," ಎಂದು ಮೂಗಮ್ಮ ಅವಳ ಬಾಯಿ ಮುಚ್ಚಿಸಿದ್ದಳು. "ಕಲಿಯೋದು ಇನ್ನೂ ಇದೆ ನಿಂಗೆ."

ಆ ಒಂದು ಮಾತಿಗೆ ಈಗ ಒಬ್ಬ ಮನುಷ್ಯ ಸಾಯುತ್ತಿದ್ದಾನೆ.

ಇವತ್ತು ಬೆಳಗ್ಗೆ ಬಟ್ಟೆ ಒಗೆಯುವಾಗ ಕರವಸ್ತ್ರದ ತುದಿಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಕಾರ್ಖಾನೆಯ ಹಳೇ ಅಭ್ಯಾಸ: ಯಾವ ಸೊಪ್ಪು ನೋಡಿದರೂ ಒಂದು ಚಿಟಿಕೆ ಕರವಸ್ತ್ರದ ತುದಿಗೆ ಕಟ್ಟಿಕೊಳ್ಳುವುದು. ನಿನ್ನೆ ಫ್ಲಾಸ್ಕಿನ ಬಾಯಿಯ ಜಾಲರಿಗೆ ಸಿಕ್ಕಿಕೊಂಡಿದ್ದ ಚೂರನ್ನೂ ಕೈ ತನ್ನಷ್ಟಕ್ಕೆ ಕಟ್ಟಿಕೊಂಡಿತ್ತು. ಬಿಚ್ಚಿ ನೋಡಿದರೆ ಕಡಲೆಕಾಳಿನ ಗಾತ್ರದ ಒಣ ಹೂವಿನ ಉಂಡೆ. ಅದರ ನಟ್ಟನಡುವೆ ಕಡ್ಡಿ ತೂರಿ ಹಾದುಹೋಗಿತ್ತು.

ಅಡುಗೆ ಪುದೀನದಲ್ಲಿ ಹೂವು ಎಲ್ಲಿಂದ ಬಂತು? ಅದಕ್ಕೇ ಬೆಳಗ್ಗೆ ಎದ್ದುಬಿದ್ದು ಆಸ್ಪತ್ರೆಗೆ ಓಡಿಬಂದಿದ್ದಳು. ಓಡಿಬಂದವಳು ಬೆಂಚಿನ ಮೇಲೆ ಕೂತು, ಬಾಯಿ ಬಿಡಲಾರದೆ, ಕರವಸ್ತ್ರ ಹಿಸುಕುತ್ತಿದ್ದಳು.

*

ಸೊಪ್ಪಿನಂಗಡಿ ಕಿರಿದಾದ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ದರ್ಜಿಗೂ ನಡುವೆ ಇತ್ತು. ಆಸ್ಪತ್ರೆಯಲ್ಲಿ ಯಜಮಾನ ಹಾಗೆ ಮಲಗಿದ್ದರೂ ಬಾಗಿಲು ತೆರೆದೇ ಇತ್ತು. ಗಿರಾಕಿಗಳು ಸಾಲು ನಿಂತಿದ್ದರು, ಪಾಪ, ಅರ್ಧ ಜನ ಸೊಪ್ಪಿಗೆ, ಅರ್ಧ ಜನ ಸುದ್ದಿಗೆ.

ಒಳಗೆ ಮೂರು ಕಪಾಟು. ಮೊದಲನೆಯದು ಯಜಮಾನನದು, ಅಡುಗೆಯದು: ಮೊಸರಿಗೆ, ಚಹಾಕ್ಕೆ, ಮಾಂಸಕ್ಕೆ ಹಾಕುವ ಒಣ ಪುದೀನದ ಡಬ್ಬಿಗಳು. ಎರಡನೆಯದು ಹೆಂಡತಿಯದು. ಹೊಟ್ಟೆಯುಬ್ಬರಕ್ಕೆ ಕಷಾಯದ ಪುಡಿ, ತಲೆನೋವಿಗೆ ಹಣೆಗೆ ಹಚ್ಚುವ ಎಣ್ಣೆ, ಕಟ್ಟಿದ ಮೂಗಿಗೆ ಹಬೆಯ ಎಲೆ, ಬಾಯಿ ಹುಣ್ಣಿಗೆ ಮುಕ್ಕಳಿಸುವ ನೀರು. ಬೀದಿಯವರೆಲ್ಲ ಅವಳನ್ನು ಕಷಾಯದಕ್ಕ ಎನ್ನುತ್ತಾರೆ. ಮೂರನೆಯ ಕಪಾಟು ಅವಳ ತಂಗಿಯದು, ಅಂದರೆ ಯಜಮಾನನ ನಾದಿನಿಯದು. ಅದರಲ್ಲಿ ಇರುವುದು ಊಟಕ್ಕೂ ಅಲ್ಲ, ರೋಗಕ್ಕೂ ಅಲ್ಲ.

"ಇದು ದಿಂಬಿನ ಕೆಳಗೆ, ಒಳ್ಳೇ ಕನಸು ಬೀಳತ್ತೆ," ಎಂದು ನಾದಿನಿ ಒಬ್ಬ ಗಿರಾಕಿಗೆ ಪುಟ್ಟ ಬಟ್ಟೆಚೀಲ ಕೊಡುತ್ತಿದ್ದಳು. "ಇದು ಹೊಸ್ತಿಲ ಮೇಲೆ ಉದುರಿಸೋದಕ್ಕೆ, ಕೆಟ್ಟ ದೃಷ್ಟಿ ಒಳಗೆ ಬರಲ್ಲ. ಪ್ರಯಾಣಕ್ಕೆ ಹೋಗೋರು ಪೆಟ್ಟಿಗೆಯಲ್ಲಿ ಒಂದೆಲೆ ಇಟ್ಕೊಳ್ಳಿ, ಹೋದ ಹಾಗೇ ವಾಪಸ್ ಬರ್ತೀರ."

"ಆ ಬಾಟ್ಲಿ?"

"ಅದು ಗಂಡನ ಮನಸ್ಸನ್ನ ಮನೆಗೆ ತಿರುಗಿಸೋ ಎಣ್ಣೆ. ಅವನ ದಿಂಬಿಗೆ ಮೂರು ಹನಿ. ಜಾಸ್ತಿ ಹಾಕಬೇಡಮ್ಮ, ತಿರುಗಿದೋನು ಆಮೇಲೆ ಕೆಲಸಕ್ಕೂ ಹೋಗಲ್ಲ."

ಸಾಲೆಲ್ಲ ನಕ್ಕಿತು. ಭಾವ ಆಸ್ಪತ್ರೆಯಲ್ಲಿರುವಾಗ ನಗಿಸಿದೆನಲ್ಲ ಎಂದು ನಾದಿನಿ ತಾನೇ ನಾಲಿಗೆ ಕಚ್ಚಿಕೊಂಡಳು. ಮೂವತ್ತೈದರ ಹೆಂಗಸು, ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು ಅಕ್ಕನ ಮನೆ ಸೇರಿದವಳು. ಮಾತಾಡಿದರೆ ಕೇಳುತ್ತಲೇ ಇರಬೇಕೆನಿಸುವ ದನಿ.

ಮೂಗಮ್ಮ ನೆಲ ನೋಡಿದಳು. ಮೊದಲ ಕಪಾಟಿನ ಮುಂದೆ ಯಜಮಾನನ ಸ್ಟೂಲು ಇರಬೇಕಾದ ಜಾಗ ಖಾಲಿ. ಹಲಗೆಯ ಮೇಲೆ ಸ್ಟೂಲಿನ ಕಾಲು ಎಳೆದ ಗೀರುಗಳು, ಒಂದರ ಮೇಲೊಂದು, ಎರಡನೇ ಕಪಾಟನ್ನು ದಾಟಿ ಮೂರನೆಯದರ ಮುಂದೆ ನಿಂತಿದ್ದವು. ಸ್ಟೂಲು ಅಲ್ಲೇ ಇತ್ತು. ದಿನಾ ಎಳೆದುಕೊಂಡು ಹೋಗಿ ಕೂರುತ್ತಿದ್ದನೆಂದು ಹೇಳಲು ಮೂಗು ಬೇಕಾಗಿರಲಿಲ್ಲ. ಎರಡು ವರ್ಷ ಈ ಗೀರುಗಳ ಮೇಲೆ ಗುಡಿಸಿದ ಹೆಂಡತಿಯ ಗತಿ ಏನು ಎಂದು ಅವಳ ಮನಸ್ಸು ತಾನಾಗಿಯೇ ಕೇಳಿತು.

"ನಿಮ್ಮಲ್ಲಿ ಕೊಯ್ಲು ಹೇಗೆ?" ಎಂದು ಜನ ಕರಗಿದ ಮೇಲೆ ನಾದಿನಿಯನ್ನು ಕೇಳಿದಳು.

"ಮೂರು ಕೊಯ್ಲು. ಭಾವ ಮೊಗ್ಗು ಬರೋಕೆ ಮುಂಚೆ ಕೊಯ್ತಾರೆ. ಹೂ ಬಂದ್ರೆ ಎಲೆ ಕಹಿ, ಅಡುಗೆಗೆ ಆಗಲ್ಲ. ಅಕ್ಕ ಹೂ ಬಿಟ್ಟಾಗ ಕೊಯ್ತಾಳೆ, ಎಣ್ಣೆ ಆಗಲೇ ಜಾಸ್ತಿ. ನಾನು ಕೊನೆಗೆ, ಬೇರು ಸಮೇತ ಕೀಳ್ತೀನಿ."

"ಭಾವನ ಡಬ್ಬೀಲಿ ಹೂ ಸೇರೋ ಸಾಧ್ಯತೆ?"

"ಅಯ್ಯೋ, ಒಂದು ಮೊಗ್ಗು ಕಂಡ್ರೂ ಇಡೀ ಕಟ್ಟು ಗೊಬ್ಬರಕ್ಕೆ ಹಾಕ್ತಾರೆ."

ಮೂಗಮ್ಮ ಕರವಸ್ತ್ರ ಬಿಚ್ಚಿ ಉಂಡೆಯನ್ನು ಕಪಾಟಿನ ಅಂಚಿನ ಮೇಲಿಟ್ಟಳು. ಎರಡನೇ ಕಪಾಟಿನಿಂದ ಕಷಾಯದ ಒಂದು ಕಟ್ಟು ಎಳೆದು ನೋಡಿದಳು. ಅದರ ಹೂವು ಕಡ್ಡಿಯ ತುದಿಯಲ್ಲಿ ಉದ್ದಕ್ಕೆ ತೆನೆಯ ಹಾಗಿತ್ತು. ಉಂಡೆಯದು ಹಾಗಿಲ್ಲ. ಇದು ಗೆಣ್ಣಿಗೆ ಅಂಟಿ, ಕಡ್ಡಿಯನ್ನು ಸುತ್ತುವರಿದು ಬೆಳೆದ ಹೂವು. ಹಾಗಾದರೆ ಗಿಡವೇ ಬೇರೆ.

ಮೂರನೇ ಕಪಾಟಿನ ಎಣ್ಣೆ ಬಾಟಲಿಯೊಂದನ್ನು ಬೆಳಕಿಗೆ ಹಿಡಿದಳು. ಎಣ್ಣೆಯೊಳಗೆ ಅಂದಕ್ಕೆಂದು ಮುಳುಗಿಸಿಟ್ಟ ಒಂದು ಕಡ್ಡಿ. ಗೆಣ್ಣು ಗೆಣ್ಣಿಗೂ ಕಡಲೆಕಾಳಿನ ಗಾತ್ರದ ಉಂಡೆ.

ಅವಳು ಬಾಟಲಿಯನ್ನು ಉಂಡೆಯ ಪಕ್ಕಕ್ಕೆ ತಂದಳು.

"ಇದು ಯಾವ ಪುದೀನ?"

"ಚಿಗಟದ ಪುದೀನ. ನಾಯಿ ಮಲಗೋ ಕಡೆ ಹಾಕ್ತಾರಲ್ಲ, ಹುಳ ಬರದ ಹಾಗೆ. ಅಕ್ಕನ ಭಟ್ಟೀಲೇ ಎಣ್ಣೆ ಇಳಿಸ್ತೀನಿ. ಘಾಟು ಜಾಸ್ತಿ, ದಿಂಬಲ್ಲಿ ತಿಂಗಳುಗಟ್ಟಲೆ ಇರತ್ತೆ." ನಾದಿನಿ ಬಾಟಲಿ ತಿರುಗಿಸಿ ಚೀಟಿ ತೋರಿಸಿದಳು: ಬಾಯಿಗೆ ಹಾಕಬಾರದು. "ವಿಷ ಅಮ್ಮ ಇದು. ಒಂದು ಚಮಚ ಹೋದ್ರೂ..." ಮಾತು ಅಲ್ಲೇ ನಿಂತಿತು. ಅವಳು ಕಪಾಟಿನ ಬಾಟಲಿಗಳ ಸಾಲನ್ನು ನೋಡಿದಳು. "ಹೋದ ವಾರ ಚೀಟಿ ಅಂಟಿಸೋ ಮುಂಚೆ ಒಂದು ಬಾಟ್ಲಿ ಕಾಣೆಯಾಯ್ತು. ಯಾರೋ ಗಿರಾಕಿ ಎತ್ಕೊಂಡಿರಬೇಕು ಅಂತ..."

"ಎಲ್ಲಿಟ್ಟಿದ್ದೆ?"

"ಮೇಲೆ. ಒಣಗಿಸೋ ಕೋಣೇಲಿ." ಆಮೇಲೆ, ಕೇಳದಿದ್ದರೂ, ಅವಸರದಲ್ಲಿ ಸೇರಿಸಿದಳು: "ಅಕ್ಕ ಅಲ್ಲ. ಅವಳು ನನ್ನ ಕಪಾಟಿನ ಕಡೆ ಮುಖ ಮಾಡಿ ಉಗುಳೋದೂ ಇಲ್ಲ."

ಗೋಡೆಯ ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಈಗಲೇ ಡಾಕ್ಟರಿಗೆ ಫೋನು ಮಾಡಲೇ? ನಿನ್ನೆ ಒಂದು ಹೇಳಿದವಳು ಇವತ್ತು ಇನ್ನೊಂದು ಹೇಳಿದರೆ ನಂಬುವುದು ಹೇಗೆ? ಅಂಗಡಿಯ ಕಸ ಹಾರಿ ಫ್ಲಾಸ್ಕಿಗೆ ಬಿದ್ದಿದ್ದರೆ? ಎಷ್ಟು, ಯಾವತ್ತಿನಿಂದ ಎಂದು ಕೇಳಿದರೆ? ಎರಡು ಉತ್ತರ ಇನ್ನೂ ಮೇಲಿನ ಕೋಣೆಯಲ್ಲಿದ್ದವು. ಅವಳು ಹತ್ತಿದಳು.

*

ಒಣಗಿಸುವ ಕೋಣೆಯ ಚಾವಣಿಯಿಂದ ಪುದೀನದ ಕಟ್ಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಮೂರು ತಿಂಗಳ ಹಿಂದಾಗಿದ್ದರೆ ಬಾಗಿಲಲ್ಲೇ ಮೂಗಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟು ಘಮ ಇರಬೇಕು ಅಲ್ಲಿ. ಈಗ ಅವಳ ಪಾಲಿಗೆ ಒಣಹುಲ್ಲಿನ ಕೋಣೆ.

ಕಷಾಯದಕ್ಕ ಮಣೆಯ ಮೇಲೆ ಕೂತು ಕಡ್ಡಿಯಿಂದ ಎಲೆ ಎಳೆಯುತ್ತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. ಬೆರಳ ತುದಿಗಳು ಹಸಿರುಗಟ್ಟಿದ್ದವು.

"ಗಂಡ ಅಲ್ಲಿ ಹಾಗೆ ಮಲಗಿರೋವಾಗ ಇಲ್ಲಿ ಕೂತಿದ್ದೀಯಲ್ಲಮ್ಮ?"

"ಅಲ್ಲಿ ಹೋಗಿ ಏನು ಮಾಡ್ಲಿ? ಗಾಜಿನಾಚೆ ನಿಂತು ನೋಡ್ಬೇಕು. ಕೈ ಸುಮ್ನೆ ಇದ್ರೆ ಹುಚ್ಚು ಹಿಡಿಯತ್ತೆ." ತಲೆಯೆತ್ತಲಿಲ್ಲ.

"ಬೆಳಗಿನ ಫ್ಲಾಸ್ಕ್ ತುಂಬೋದು ಯಾರು?"

"ನಾನೇ. ಇಪ್ಪತ್ತು ವರ್ಷದಿಂದ."

"ನಿನ್ನೆ ಏನು ಹಾಕಿದ್ದೆ?"

"ಅವರ ಡಬ್ಬಿಯ ಪುದೀನ, ಜೇನುತುಪ್ಪ."

"ಇನ್ನೇನು?"

ಈಗ ಕಷಾಯದಕ್ಕ ತಲೆಯೆತ್ತಿದಳು. "ಅದನ್ನ ನೀವೇ ಹೇಳಿದ್ರಲ್ಲ ಪೊಲೀಸರ ಮುಂದೆ. ಪುದೀನ ಬಿಟ್ರೆ ಏನೂ ಇಲ್ಲ ಅಂತ. ನೀವು ಹೇಳಿದ ಮೇಲೆ ಮುಗೀತು. ಇಡೀ ಊರಿಗೇ ಗೊತ್ತು, ನಿಮ್ಮ ಮೂಗು ತಪ್ಪಲ್ಲ."

ಹೇಳುವಾಗ ಎಲೆ ಎಳೆಯುತ್ತಿದ್ದ ಬೆರಳು ಕಡ್ಡಿಯನ್ನೇ ಮುರಿದು ಹಾಕಿತು. ಮೂವತ್ತೊಂದು ವರ್ಷ ಸುಳ್ಳು ಮೂಟೆ ಮಾರುವವರನ್ನು ನೋಡಿದ ಮೂಗಮ್ಮನಿಗೆ ಇಷ್ಟು ಸಾಕಾಯಿತು.

"ಬಾಟ್ಲಿ ಎಲ್ಲಿ?" ಎಂದಳು.

"ಯಾವ ಬಾಟ್ಲಿ?"

"ಗಂಡನ ಮನಸ್ಸು ತಿರುಗಿಸೋ ಬಾಟ್ಲಿ."

ಕಷಾಯದಕ್ಕ ದಡಕ್ಕನೆ ಎದ್ದಳು. ಮಡಿಲಲ್ಲಿದ್ದ ಎಲೆಯೆಲ್ಲ ನೆಲಕ್ಕೆ. "ನಾನು? ಅವಳ ಬಾಟ್ಲಿ ಮುಟ್ಟೋಕೆ ನಂಗೇನು ಬುದ್ಧಿ ಕೆಟ್ಟಿದೆಯಾ? ಚೀಲ ಕಟ್ಟಿ ಊರ ಹೆಂಗಸರನ್ನ ಮಂಗ ಮಾಡ್ತಾಳೆ, ಅವಳು! ನಾನು ಮದ್ದು ಕೊಡೋಳು. ಹೊಟ್ಟೆಗೆ ಏನು, ತಲೆಗೆ ಏನು ಅಂತ ಗೊತ್ತಿರೋಳು!" ನೇತಾಡುತ್ತಿದ್ದ ಕಟ್ಟುಗಳಿಂದ ಒಂದನ್ನು ಕಿತ್ತು ಮೂಗಮ್ಮನ ಮುಖಕ್ಕೆ ಹಿಡಿದಳು. "ಅಷ್ಟು ಗೊತ್ತಿದ್ರೆ ಹೇಳಿ, ಇದರಲ್ಲಿ ಏನಿದೆ? ಮೂಸಿ ಹೇಳಿ!"

ಎಲೆ ಉದುರಿದ, ಹೂವು ಉದುರಿದ, ಬರೀ ಕಡ್ಡಿಯೂ ಪುಡಿಯೂ ಉಳಿದ ಕಟ್ಟು. ಕಣ್ಣಿಗೆ ಏನೂ ಹೇಳುತ್ತಿರಲಿಲ್ಲ. ಮೂಗಮ್ಮ ಉಸಿರೆಳೆದಳು. ಏನೂ ಇಲ್ಲ. ಇನ್ನೊಮ್ಮೆ ಎಳೆದಳು. ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

ಹೌದಪ್ಪ, ಇಲ್ಲೂ ಒಂದು ಸುಳ್ಳು ಹೇಳಬಹುದಿತ್ತು. ಮೂರು ತಿಂಗಳು ಸುಳ್ಳಿನಲ್ಲೇ ಬದುಕಿದವಳಿಗೆ ಇನ್ನೊಂದು ಕಷ್ಟವೇ? ಆದರೆ ಎದುರು ನಿಂತವಳ ಕಣ್ಣು ನೋಡಿ ಅವಳಿಗೆ ಸಾಕಾಗಿಹೋಯಿತು. ಆ ಉರಿ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ದಿನಾ ಬೆಳಗ್ಗೆ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದಳು.

"ನಂಗೆ ವಾಸನೆ ಬರಲ್ಲಮ್ಮ," ಎಂದಳು.

"ಏನು?"

"ಮೂಗು ಹೋಗಿ ಮೂರು ತಿಂಗಳಾಯ್ತು. ಯಾರಿಗೂ ಹೇಳಿಲ್ಲ, ನಿಂಗೇ ಮೊದಲು. ನಿನ್ನೆ ಫ್ಲಾಸ್ಕಲ್ಲಿ ಏನಿತ್ತು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಪಕ್ಕದಲ್ಲಿ ನಾನೇ ಕಲಿಸಿದ ಹುಡುಗಿ ನಿಂತಿದ್ಲು. ಏನೋ ಇದೆ ಅಂದ್ಲು. ಅವಳು ಗೆಲ್ಲಬಾರದು ಅಂತ ಏನೂ ಇಲ್ಲ ಅಂದೆ. ಅಷ್ಟೇ ಕಾರಣ. ಬೇರೆ ಯಾವ ಕಾರಣಾನೂ ಇಲ್ಲ. ನಿನ್ನ ಗಂಡನ್ನ ಅರ್ಧ ನಾನೇ ಕೊಂದಿದ್ದೀನಿ. ಉಳಿದರ್ಧ ನಿನ್ನ ಕೈಲಿದೆ. ಹೇಳ್ತೀಯೋ, ಇಬ್ಬರೂ ಸೇರಿ ಪೂರ್ತಿ ಮಾಡೋಣವೋ?"

ಕಷಾಯದಕ್ಕನ ಕೈಯಿಂದ ಕಟ್ಟು ಜಾರಿತು. ಮಣೆಯ ಮೇಲೆ ಕುಸಿದು ಕೂತಳು. ಅಳು ಬಂತು, ಆದರೆ ಅಳುವಿಗಿಂತ ಮೊದಲು ಮಾತು ಬಂತು, ತಡೆದಿಟ್ಟದ್ದೆಲ್ಲ ಒಂದೇ ಸಲಕ್ಕೆ.

"ಎರಡು ವರ್ಷ, ಅಮ್ಮ. ಎರಡು ವರ್ಷ ಆ ಸ್ಟೂಲು ಎಳೆಯೋ ಸದ್ದು ಕೇಳಿದ್ದೀನಿ. ತಪ್ಪು ಏನೂ ನಡೆದಿಲ್ಲ, ಅದೂ ಗೊತ್ತು ನಂಗೆ. ಬರೀ ನಗು. ಅವಳ ಹತ್ತಿರ ನಗು, ನನ್ನ ಹತ್ತಿರ ಕೆಮ್ಮಿನ ಮಾತು, ಅಜೀರ್ಣದ ಮಾತು. ತಪ್ಪು ನಡೆದಿದ್ರೆ ಜಗಳ ಆದ್ರೂ ಆಡಬಹುದಿತ್ತು. ನಗೋದಕ್ಕೆ ಜಗಳ ಹೇಗೆ ಆಡ್ಲಿ?"

"ಅದಕ್ಕೆ ಬಾಟ್ಲಿ ತಗೊಂಡೆ."

"ಊರ ಹೆಂಗಸರಿಗೆಲ್ಲ ಕೆಲಸ ಮಾಡತ್ತೆ ಅಂತಾರೆ, ನಂಗೂ ಮಾಡ್ಲಿ ಅಂತ. ಅವಳನ್ನ ಕೇಳೋಕಾಗತ್ತಾ? ನಿನ್ನಿಂದ ನನ್ನ ಗಂಡನ್ನ ಬಿಡಿಸ್ಕೊಳ್ಳೋಕೆ ನಿನ್ನ ಎಣ್ಣೆನೇ ಕೊಡು ಅಂತ? ಕದ್ದೆ. ದಿಂಬಿಗೆ ಮೂರು ಹನಿ ಅಂತಾ ಇರ್ತಾಳಲ್ಲ, ನಗು ಬಂತು ನಂಗೆ. ಹೊಟ್ಟೆಗೆ ಹೋಗದೆ ಯಾವ ಮದ್ದು ಕೆಲಸ ಮಾಡತ್ತೆ ಹೇಳಿ? ಇಪ್ಪತ್ತು ವರ್ಷ ಮದ್ದು ಕೊಟ್ಟ ಕೈ ಇದು. ಪುದೀನ ಎಣ್ಣೆ ತಾನೇ, ನನ್ನ ಭಟ್ಟೀದೇ ತಾನೇ, ಅಂತ ಫ್ಲಾಸ್ಕಿಗೆ ಹಾಕಿದೆ."

"ಎಷ್ಟು?"

"ದಿನಕ್ಕೆ ಒಂದು ಚಮಚ."

"ಎಷ್ಟು ದಿನ?"

"ಮೂರು. ಮೂರನೇ ದಿನಕ್ಕೆ ಬಾಟ್ಲಿ ಪೂರ್ತಿ ಬಗ್ಗಿಸಿದೆ, ತಳದಲ್ಲಿದ್ದ ಚೂರೆಲ್ಲ ಬಿತ್ತು." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮೊದಲನೇ ದಿನ ಕುಡಿದು ಏನಂದ್ರು ಗೊತ್ತಾ? ಇವತ್ತು ಘಮ ಚೆನ್ನಾಗಿದೆ ಕಣೇ ಅಂದ್ರು. ನನ್ನ ಮುಖ ನೋಡಿ ಅಂದ್ರು. ಎರಡನೇ ದಿನ ಹೊಟ್ಟೆ ಸರಿ ಇಲ್ಲ ಅಂದ್ರೂ ನಾನು ನಿಲ್ಲಿಸಲಿಲ್ಲ."

"ಬಿದ್ದ ಮೇಲಾದ್ರೂ ಹೇಳಬಾರದಿತ್ತೇನೇ?"

"ಹೇಳಿದ್ರೆ ಅವಳಿಗೆ ಗೊತ್ತಾಗತ್ತಲ್ಲ, ನಾನು ಅವಳ ಬಾಟ್ಲಿಗೆ ಕೈ ಹಾಕಿದೆ ಅಂತ. ಆಮೇಲೆ ನೀವು ಬಂದು ಏನೂ ಇಲ್ಲ ಅಂದ್ರಿ. ದೇವರಾಣೆ, ನಿಮ್ಮನ್ನ ನಂಬಿದೆ. ಎಣ್ಣೆಯಿಂದ ಅಲ್ಲ ಹಾಗಾದ್ರೆ, ಊಟದಿಂದಲೇ ಅಂತ ನಂಬಿ ಸಮಾಧಾನ ಮಾಡ್ಕೊಂಡೆ."

ಮೂಗಮ್ಮನಿಗೆ ಅವಳನ್ನು ಬೈಯುವ ಬಾಯಿ ಇರಲಿಲ್ಲ. ಮೆಟ್ಟಿಲ ಬಳಿ ಏನೋ ಸದ್ದಾಯಿತು. ನಾದಿನಿ ಕಂಬ ಹಿಡಿದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡವಳ ಮುಖ. ಅಕ್ಕತಂಗಿ ಒಬ್ಬರನ್ನೊಬ್ಬರು ನೋಡಿದರು. ಅವರ ನಡುವಿನದು ಅವರಿಗೇ ಇರಲಿ ಎಂದು ಮೂಗಮ್ಮ ಕಿಟಕಿಯ ಕಡೆ ಹೋಗಿ ಫೋನು ತೆಗೆದಳು.

*

"ಚಿಗಟದ ಪುದೀನದ ಎಣ್ಣೆ," ಎಂದಳು, ಇನ್ಸ್‌ಪೆಕ್ಟರ್ ಫೋನನ್ನು ಡಾಕ್ಟರ ಕೈಗೆ ಕೊಟ್ಟ ಕೂಡಲೇ. "ಮೂರು ದಿನದಿಂದ. ದಿನಕ್ಕೆ ಒಂದು ಚಮಚ, ಕೊನೇ ದಿನ ಇನ್ನೂ ಜಾಸ್ತಿ. ಹಾಕಿದವರ ಬಾಯಿಂದಲೇ ಕೇಳಿದ್ದು."

ಆ ಕಡೆ ಡಾಕ್ಟರು ಉಸಿರು ಬಿಟ್ಟದ್ದು ಕೇಳಿಸಿತು. "ಮದ್ದಿದೆ. ನೋವಿನ ಮಾತ್ರೆ ಮಿತಿ ಮೀರಿ ನುಂಗಿದವರಿಗೆ ಕೊಡ್ತೀವಲ್ಲ, ಅದೇ ಇದಕ್ಕೂ. ತಡ ಆಗಿದೆ, ಆದ್ರೂ ಶುರು ಮಾಡ್ತೀನಿ." ಚಪ್ಪಲಿಯ ಸದ್ದು ಓಡುತ್ತ ದೂರವಾಯಿತು.

ಫೋನು ಮತ್ತೆ ಇನ್ಸ್‌ಪೆಕ್ಟರ ಕೈಗೆ ಬಂತು. "ಭಲೇ, ಮೂಗಮ್ಮನವರೇ. ಆದ್ರೆ ನಿನ್ನೆ..."

"ನಿನ್ನೆ ಸುಳ್ಳು ಹೇಳಿದೆ. ವಾಸನೆ ಬರ್ತಿರಲಿಲ್ಲ. ಈಗಲೂ ಬರಲ್ಲ. ಗುಬ್ಬಿ ಹೇಳಿದ್ದೇ ಸರಿ." ಎರಡನೇ ಸಲ ಹೇಳುವುದು ಸುಲಭ ಎಂದುಕೊಂಡಿದ್ದಳು. ಆಗಲಿಲ್ಲ. "ಇನ್ನು ಮೇಲೆ ಅವಳನ್ನೇ ಕರೆಸಿ."

ಇನ್ಸ್‌ಪೆಕ್ಟರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮೂಗಮ್ಮನವರೇ," ಎಂದ ಕೊನೆಗೆ. "ಫ್ಲಾಸ್ಕ್ ಸ್ಟೇಷನ್ನಲ್ಲಿಲ್ಲ. ಲ್ಯಾಬಿಗೆ ಕಳಿಸೋಣ ಅಂತ ಈಗ ತಾನೇ ಕೇಳಿದೆ. ನೀವು ಏನೂ ಇಲ್ಲ ಅಂದ್ರಲ್ಲ, ಇನ್ನು ಬೇಡ ಅಂತ ನಮ್ಮೋರು ನಿನ್ನೆ ಸಂಜೆ ಗುಬ್ಬಿಗೆ ಕೊಟ್ಟು ಕಳಿಸಿದ್ದಾರೆ. ಅವಳೇ ಕೇಳಿ ತಗೊಂಡು ಹೋದ್ಳಂತೆ. ಮುಕ್ಕಾಲು ತುಂಬಿತ್ತು."

ಮೂಗಮ್ಮನಿಗೆ ಅವನ ಮುಂದಿನ ಮಾತು ಕೇಳಿಸಲಿಲ್ಲ. ಫೋನು ಇಟ್ಟು ಗುಬ್ಬಿಯ ನಂಬರು ಒತ್ತಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಮೂರನೇ ಸಲಕ್ಕೆ ಗುಬ್ಬಿ ಎತ್ತಿದಳು.

"ಮೇಡಂ?" ದನಿ ಎಲ್ಲೋ ಆಳದಿಂದ ಬಂದಂತಿತ್ತು. "ನಾನೇ ಮಾಡೋಣ ಅಂತಿದ್ದೆ. ನನ್ನ ಮೇಲೆ ಕೋಪ ಹೋಯ್ತಾ?"

"ಗುಬ್ಬಿ, ಆ ಫ್ಲಾಸ್ಕ್..."

"ಎಲ್ಲರ ಮುಂದೆ ನಿಮಗೆ ಎದುರು ಮಾತಾಡಿಬಿಟ್ಟೆ, ತಪ್ಪಾಯ್ತು. ಮನೆಗೆ ತಂದು ಹತ್ತು ಸಲ ಮೂಸಿದೆ ಮೇಡಂ. ಏನೋ ಇದೆ ಇದೆ ಅಂತಲೇ ಅನ್ನಿಸ್ತಿತ್ತು. ಆಮೇಲೆ ಯೋಚನೆ ಮಾಡಿದೆ. ನೀವು ಇಲ್ಲ ಅಂದ ಮೇಲೆ ಇರೋದಕ್ಕೆ ಸಾಧ್ಯವೇ ಇಲ್ಲ, ಕೆಟ್ಟಿರೋದು ನನ್ನ ಮೂಗೇ. ಬಾಯಿಗಾದ್ರೂ ಸರಿಯಾದ ರುಚಿ ಕಲಿಸೋಣ ಅಂತ ಬೆಳಗ್ಗೆ ಬಿಸಿ ಮಾಡಿ..."

"ಎಷ್ಟು ಕುಡಿದೆ?" ಮೂಗಮ್ಮ ಕಿರುಚಿದಳು.

"ಪೂರ್ತಿ, ಮೇಡಂ. ಯಾಕೋ ಹೊಟ್ಟೆ... ತಲೆ ಎತ್ತೋಕಾಗ್ತಿಲ್ಲ. ನಮ್ಮನೆಯವರೂ ಊರಲ್ಲಿಲ್ಲ."

ಏನೋ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಫೋನಿನಲ್ಲಿ ಮೌನ, ಆದರೆ ಕಡಿದಿರಲಿಲ್ಲ.

"ಗುಬ್ಬಿ! ಗುಬ್ಬಿ, ಬಾಗಿಲು ತೆಗೆದಿಡೇ, ಬರ್ತಿದ್ದೀನಿ!"

ಮೆಟ್ಟಿಲು ಇಳಿದು, ಅಂಗಡಿ ದಾಟಿ, ಬೀದಿಗೆ ಬಂದು, ಎದುರಿಗೆ ಬಂದ ಮೊದಲ ಆಟೋಗೆ ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿ ಕೂತಳು.

"ಎಲ್ಲಿಗಮ್ಮ?" ಆಟೋದವನು ಕೇಳಿದ.

ಮೂಗಮ್ಮ ಬಾಯಿ ತೆರೆದಳು. ಗುಬ್ಬಿ ಹೊಸ ಮನೆ ಕಟ್ಟಿಸಿ ಒಂದು ವರ್ಷವಾಗಿತ್ತು. ಮೊದಲ ಊಟಕ್ಕೆ ನೀವೇ ಬರಬೇಕು ಮೇಡಂ ಎಂದು ಮೂರು ಸಲ ಬಾಗಿಲಿಗೆ ಬಂದು ಕರೆದಿದ್ದಳು. ಅವಳ ಏಳಿಗೆ ನೋಡಲಾರದೆ ಮೂರು ಸಲವೂ ಮೂಗಮ್ಮ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಆ ಮನೆ ಯಾವ ಬೀದಿಯಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.